ಟಪಾಲಕ್ಕನ ಬೆನ್ನು

ಜನವರಿ 9

ಆಟದ ಕಂಪನಿಯ ಮುಖ್ಯ ಚಿತ್ರಗಾರ್ತಿಗೆ,

ನಿಮ್ಮ ಕಾಗದ ತಲುಪಿತು. 'ಮಾನ್ಯರೇ' ಎಂದು ಆರಂಭಿಸಿ 'ತಮ್ಮ ವಿಶ್ವಾಸಿ' ಎಂದು ಮುಗಿಸಿದ್ದೀರಿ. ನಡುವೆ ಹನ್ನೊಂದು ಸಲ 'ತಾವು' ಬಂದಿದೆ. ಎಣಿಸಿದ್ದೇನೆ, ಎಣಿಸುವುದು ನನ್ನ ಕಸುಬು. ಒಂಬತ್ತು ತಿಂಗಳು ಹೊತ್ತು ಹೆತ್ತವಳಿಗೆ ಹದಿನೈದು ವರ್ಷದ ಮೇಲೆ ಬಂದ ಮೊದಲ ಕಾಗದ ಇದು. ಎಲ್ಲವೂ ಅಚ್ಚಿನ ಅಕ್ಷರ, ಸಹಿ ಮಾತ್ರ ಕೈಯದು. ಕೊನೆಯ ಅಕ್ಷರದ ಬಾಲವನ್ನು ಮೇಲಕ್ಕೆಳೆಯುವ ಕೆಟ್ಟ ಅಭ್ಯಾಸ ಇನ್ನೂ ಹೋಗಿಲ್ಲ.

ಆಫೀಸಿನ ದಾಖಲೆಗೆ ಎಂದು ಕೇಳಿದ್ದೀರಿ. ದಾಖಲೆಗೆ ತಕ್ಕ ಹಾಗೆಯೇ ಉತ್ತರಿಸುತ್ತೇನೆ.

ಇಪ್ಪತ್ತೆಂಟು ವರ್ಷದ ಹಿಂದೆ ನಮ್ಮ ಹೆಣಿಗೆ ಕೇಂದ್ರದ ಮಹಡಿಗೆ ಒಬ್ಬ ಹುಡುಗಾಟದ ಎಂಜಿನಿಯರು ಬಾಡಿಗೆಗೆ ಬಂದ. ಟಿವಿಗೆ ಸಿಕ್ಕಿಸಿ ಆಡುವ ಆಟ ಮಾಡುತ್ತೇನೆ ಎಂದ. ಒಂದು ದಿನ ಕೆಳಗಿಳಿದು ಬಂದವನು ಗೋಡೆಯ ಮೇಲಿದ್ದ ನಮ್ಮ ಸ್ವೆಟರ್ ನಕ್ಷೆಗಳ ಮುಂದೆ ನಿಂತುಬಿಟ್ಟ. ಚೌಕಳಿ ಹಾಳೆಯಲ್ಲಿ ಒಂದೊಂದು ಕುಣಿಕೆಗೆ ಒಂದೊಂದು ಚೌಕ ತುಂಬಿ ಬರೆದ ಹೂವು, ಹಕ್ಕಿ, ಕುದುರೆ.

"ಅಕ್ಕಾ, ಹೀಗೇ ಚೌಕದಲ್ಲಿ ಒಬ್ಬ ಮನುಷ್ಯ ಓಡೋ ಹಾಗೆ ಬರ್ಕೊಡೋಕಾಗುತ್ತಾ?" ಎಂದ.

"ಎಷ್ಟು ಚೌಕ?" ಎಂದೆ.

"ಅಗಲ ಹದಿನಾರು, ಎತ್ತರ ಇಪ್ಪತ್ನಾಲ್ಕು. ಬಣ್ಣ ಮೂರೇ ಮೂರು."

"ಕೂಸಿನ ಕಾಲುಚೀಲಕ್ಕೇ ಇದಕ್ಕಿಂತ ಜಾಸ್ತಿ ಜಾಗ ಇರುತ್ತಲ್ಲಪ್ಪಾ" ಎಂದೆ. ಆದರೂ ಬರೆದುಕೊಟ್ಟೆ. ಹಾಗೆ ಹುಟ್ಟಿದವಳು ಟಪಾಲಕ್ಕ. ಹೆಗಲಿಗೆ ಕಾಗದದ ಚೀಲ ಹಾಕಿಕೊಂಡು, ಕಾಲುವೆ ಹಾರಿ, ನಾಯಿ ತಪ್ಪಿಸಿ, ಎಡದಿಂದ ಬಲಕ್ಕೆ ಮನೆ ಮನೆಗೆ ಓಡುವವಳು. ಪರದೆ ಅವಳ ಜೊತೆಯಲ್ಲೇ ಸರಿಯುತ್ತದೆ. ಒಮ್ಮೆ ಅಂಚಿನಿಂದಾಚೆ ಹೋದ ಮನೆ ಹೋಯಿತು, ಮತ್ತೆ ಸಿಗುವುದಿಲ್ಲ. ನಾಲ್ಕು ಆಟ ಬಂದವು. ನಾಲ್ಕಕ್ಕೂ ಚೌಕ ತುಂಬಿದವಳು ನಾನು. ಎಂಜಿನಿಯರು ತೀರಿಕೊಂಡ ಮೇಲೆ ಆಟ ನಿಮ್ಮ ಕಂಪನಿಯ ಕೈಗೆ ಹೋಯಿತು.

ಈಗ ನೀವು ಟಪಾಲಕ್ಕನನ್ನು ಮೂರು ಆಯಾಮಕ್ಕೆ ತರುತ್ತಿದ್ದೀರಂತೆ. ಆಡುವವರು ಅವಳ ಮಗ್ಗುಲಲ್ಲಿ ನಿಂತು ನೋಡುವುದಿಲ್ಲ, ಬೆನ್ನ ಹಿಂದೆಯೇ ಹೋಗುತ್ತಾರೆ, ಆದ್ದರಿಂದ ಅವಳ ಬೆನ್ನಿನ ಮೂಲ ಚಿತ್ರ ಬೇಕು ಎಂದು ಬರೆದಿದ್ದೀರಿ.

ನನ್ನ ಚಿತ್ರದ ಪುಸ್ತಕದಲ್ಲಿ ಅವಳ ಬೆನ್ನಿಲ್ಲ. ಬಲಕ್ಕೆ ಓಡುವವಳ ಬಲ ಮಗ್ಗುಲು ಮಾತ್ರ ಇದೆ.

ಇತಿ,
ಹೆಣಿಗೆ ಕೇಂದ್ರದ ಯಜಮಾನಿ


ಜನವರಿ 24

ಅಮ್ಮನಿಗೆ,

ಹನ್ನೊಂದಲ್ಲ, ಹತ್ತು 'ತಾವು'. ಒಂದು 'ತಮಗೆ'. ನಾನೂ ಎಣಿಸಿದೆ. ಕಸುಬು ನಿನ್ನೊಬ್ಬಳದೇ ಅಲ್ಲ.

ಆಫೀಸಿನ ಹಾಗೆ ಬರೆಯದಿದ್ದರೆ ಆ ಕಾಗದ ಬರೆಯಲು ನನಗೆ ಧೈರ್ಯವೇ ಬರುತ್ತಿರಲಿಲ್ಲ. ಈಗ ನೀನು ಬೈದು ಉತ್ತರ ಬರೆದಿದ್ದೀಯ. ಇನ್ನು ಹೆದರಿಕೆ ಇಲ್ಲ.

ನಮ್ಮ ಕೋಣೆಯಲ್ಲಿ ಐದು ಜನ ಇದ್ದೇವೆ. ನಿನ್ನ ಹದಿನಾರು ಚೌಕದ ಟಪಾಲಕ್ಕನನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಗೋಡೆಗೆ ಅಂಟಿಸಿದ್ದೇವೆ. ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಾರೆ. ಮೊನ್ನೆ ನಮ್ಮ ನಿರ್ದೇಶಕರು, "ಮೂರು ಚುಕ್ಕೇಲಿ ಅವಸರದ ಮುಖ ಮಾಡಿದಾರಲ್ಲ, ಯಾರಮ್ಮ ಇವರು?" ಎಂದರು. ನಮ್ಮಮ್ಮ ಎನ್ನಲಿಲ್ಲ. ಹೆಣಿಗೆಯವರು ಎಂದೆ.

ಅವಳ ಸೊಂಟದ ಹಿಂದೆ ಎರಡು ಕೆಂಪು ಚೌಕ ಉಬ್ಬಿಕೊಂಡಿವೆಯಲ್ಲ, ಅದರ ಮೇಲೆ ದೊಡ್ಡ ಚರ್ಚೆ. ಒಬ್ಬ ನೀರಿನ ಬಾಟಲಿ ಎನ್ನುತ್ತಾನೆ. ಇನ್ನೊಬ್ಬಳು ಬಾಲ ಎಂದಳು. ನಾನು ಸುಮ್ಮನಿದ್ದೆ. ಅದು ಏನೆಂದು ನನಗೆ ಗೊತ್ತು, ನಿನಗೂ ಗೊತ್ತು.

ವಿಷಯ ಇಷ್ಟು. ಇನ್ನೊಬ್ಬ ಚಿತ್ರಗಾರ ಒಂದು ಬೆನ್ನು ಬರೆದಿಟ್ಟಿದ್ದಾನೆ. ಬಿಚ್ಚಿದ ಕೂದಲು, ಚೀಲದ ಪಟ್ಟಿಗಿಂತ ಸಣ್ಣ ಸೊಂಟ. ಟಪಾಲು ಹಂಚುವವಳಲ್ಲ, ಜಾಹೀರಾತಿಗೆ ನಿಂತವಳು. ಮೇ ಮೂವತ್ತರೊಳಗೆ ಮೂಲ ಚಿತ್ರಗಾರ್ತಿಯ ಕೇಂದ್ರದಿಂದ ಒಂದು ಬೆನ್ನು ಬಂದರೆ ಅದನ್ನೇ ಇಡೋಣ, ಇಲ್ಲವಾದರೆ ಇದೇ ಎಂದು ನಿರ್ದೇಶಕರು ಹೇಳಿದ್ದಾರೆ. ಆ ಹುಡುಗಿಯ ಬೆನ್ನು ನೋಡುತ್ತ ಲಕ್ಷಾಂತರ ಜನ ಓಡಬೇಕೆಂದು ನೆನೆದರೆ ನನಗೆ ಕೆಲಸವೇ ಬೇಡ ಅನ್ನಿಸುತ್ತದೆ.

ನನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ ಮಹಡಿಯ ಎಂಜಿನಿಯರು ಮಾದರಿಗೆಂದು ಟಪಾಲಕ್ಕನ ಸ್ವೆಟರ್ ಕೇಳಿದ್ದರು. ಮುಂಭಾಗಕ್ಕೆ ನಿನ್ನ ಚಿತ್ರ, ಬೆನ್ನಿನ ಭಾಗ ಬರಿ ನೀಲಿ ಎಂದು ನೀನು ಹೇಳಿದ್ದೆ. ನಾನು ಬೆನ್ನಿಗೆ ಅವಳ ಬೆನ್ನನ್ನೇ ಹೆಣೆದೆ. ನೀನು ಹನ್ನೆರಡು ಜನರೆದುರಿಗೆ ಅದನ್ನು ಬಿಚ್ಚಿದೆ. ಯಾರ ತಪ್ಪು ಬಿಚ್ಚಿದರೂ ಸಾಲು ಸಾಲಾಗಿ ಬಣ್ಣವನ್ನೂ ಕುಣಿಕೆಯ ಲೆಕ್ಕವನ್ನೂ ಕೂಗಬೇಕು, ಇನ್ನೊಬ್ಬರು ತಪ್ಪಿನ ಪುಸ್ತಕದಲ್ಲಿ ಚೌಕ ತುಂಬಿ ಬರೆದಿಡಬೇಕು ಎಂದು ನಿಯಮ ಮಾಡಿದವಳು ನೀನೇ. ನನ್ನದನ್ನು ಮಾತ್ರ ಕೂಗದೆ ಸರ್ರನೆ ಎಳೆದೆ. ತಪ್ಪು ಎಂದು ಬರೆದಿಡುವಷ್ಟೂ ಬೆಲೆ ಅದಕ್ಕಿರಲಿಲ್ಲ. ನಾನು ಎದ್ದು ಹೋದದ್ದು ಬಿಚ್ಚಿದ್ದಕ್ಕಲ್ಲ ಅಮ್ಮ, ಅದಕ್ಕೆ.

ಆ ಬೆನ್ನನ್ನು ನೆನಪಿನಿಂದ ಮತ್ತೆ ಬರೆಯಲು ಕೂತೆ. ಬರುತ್ತಿಲ್ಲ. ಅಂದಿನ ಕೈಗೆ ಗೊತ್ತಿದ್ದದ್ದು ಇಂದಿನ ಕೈಗೆ ಗೊತ್ತಿಲ್ಲ.

ಇನ್ನೊಂದು ಪ್ರಶ್ನೆ. ಟಪಾಲಕ್ಕ ಬಲಕ್ಕೆ ಓಡುವಾಗ ಚೀಲ ಬಲ ಹೆಗಲಲ್ಲಿ, ಎಡಕ್ಕೆ ತಿರುಗಿದರೆ ಎಡ ಹೆಗಲಲ್ಲಿ. ಅಂದು ಜಾಗ ಉಳಿಸಲು ಒಂದೇ ಚಿತ್ರವನ್ನು ಮಗುಚಿ ಹಾಕುತ್ತಿದ್ದರು, ಅದು ತಿಳಿಯಿತು. ಈಗ ಒಂದೇ ಹೆಗಲು ಆರಿಸಬೇಕು. ಯಾವುದು?

ನಿನ್ನ ಮಗಳು


ಫೆಬ್ರವರಿ 6

ಮಗಳಿಗೆ,

ಸ್ವೆಟರಿನ ಮಾತು ಎತ್ತಬೇಡ. ಅದಕ್ಕೆ ನಾನು ಉತ್ತರ ಬರೆಯುವುದಿಲ್ಲ.

ಕೆಲಸದ ಮಾತಿಗೆ ಬರುತ್ತೇನೆ. ಎರಡು ಕೆಂಪು ಚೌಕ ಸೊಂಟವಸ್ತ್ರದ ಗಂಟು, ಕೇಂದ್ರದಲ್ಲಿ ನಾವು ಕಟ್ಟಿಕೊಳ್ಳುವ ಏಪ್ರನ್ನಿನದು. ಬಾಲ ಎಂದವಳ ಮನೆಯಲ್ಲಿ ಯಾರೂ ಸೊಂಟಕ್ಕೆ ಬಟ್ಟೆ ಕಟ್ಟಿ ಕೆಲಸ ಮಾಡುವುದಿಲ್ಲವೆಂದು ಕಾಣುತ್ತದೆ.

ಚೀಲಕ್ಕೆ ಎರಡು ಹೆಗಲೂ ಸರಿ. ಇದನ್ನು ಕೇಳಲು ಐದು ಜನ ಓದಿದವರು ಬೇಕಾಯಿತೇ? ಬೆಳಗಿನಿಂದ ಸಂಜೆವರೆಗೆ ಭಾರ ಹೊರುವವಳು ಒಂದೇ ಹೆಗಲಿಗೆ ಹಾಕಿಕೊಂಡು ಓಡುತ್ತಾಳೇನು? ತಿರುಗುವಾಗ ಚೀಲವನ್ನು ತಲೆಯ ಮೇಲಿಂದ ಆ ಹೆಗಲಿಗೆ ದಾಟಿಸುತ್ತಾಳೆ. ಅಂದು ಅದನ್ನು ತೋರಿಸಲು ನನಗೆ ಚೌಕ ಇರಲಿಲ್ಲ. ಈಗ ನಿಮಗೆ ಬೇಕಾದಷ್ಟಿದೆ, ತೋರಿಸಿ.

ನಾಲ್ಕೇ ಚಿತ್ರದಲ್ಲಿ ಓಟ ಹೇಗೆ ಬಂತು ಎಂದು ನಿಮ್ಮ ಆಫೀಸಿನ ಕಾಗದದಲ್ಲಿ ಕೇಳಿದ್ದೆ. ಕೇಂದ್ರದ ಕಿಟಕಿ ರಸ್ತೆಗಿಂತ ತಗ್ಗಿನಲ್ಲಿದೆ, ಹೋಗುವವರ ಸೊಂಟದಿಂದ ಕೆಳಗೆ ಮಾತ್ರ ಕಾಣುತ್ತದೆ. ಎರಡು ವಾರ ಕಾಲುಗಳನ್ನೇ ನೋಡಿದೆ. ನಡೆಯುವವರ ಒಂದು ಕಾಲು ಸದಾ ನೆಲದಲ್ಲಿರುತ್ತದೆ. ಓಡುವವರು ಒಂದು ಗಳಿಗೆ ಎರಡೂ ಕಾಲು ನೆಲ ಬಿಟ್ಟಿರುತ್ತಾರೆ. ಮೂರನೇ ಚಿತ್ರದಲ್ಲಿ ಅವಳನ್ನು ಒಂದು ಚೌಕ ಮೇಲೆತ್ತಿದೆ. ಅಷ್ಟೇ ಗುಟ್ಟು. ಇದನ್ನು ಯಾರೂ ಕಲಿಸಲಿಲ್ಲ, ಹೈಸ್ಕೂಲಿನಲ್ಲಿ ಇಂಥದ್ದಿರಲಿಲ್ಲ.

'ಹೆಣಿಗೆಯವರು' ಎಂದಿದ್ದು ಸರಿಯಾಗಿದೆ. ಹಾಗೆಯೇ ಇರಲಿ.

ನಿನ್ನ ತಾಯಿ


ಮಾರ್ಚ್ 18

ಅಮ್ಮನಿಗೆ,

ಚೀಲ ದಾಟಿಸುವುದನ್ನು ಮಾಡಿದೆವು. ಟಪಾಲಕ್ಕ ತಿರುಗಿದಾಗಲೆಲ್ಲ ತಲೆ ಬಗ್ಗಿಸಿ ಚೀಲವನ್ನು ಆ ಕಡೆಗೆ ಎಸೆದುಕೊಳ್ಳುತ್ತಾಳೆ. ಮೊದಲ ಸಲ ಪರದೆಯ ಮೇಲೆ ಬಂದಾಗ ಐವರೂ ಕುರ್ಚಿ ಎಳೆದುಕೊಂಡು ಹತ್ತಿರ ಬಂದೆವು. ಆಮೇಲೆ ಬಾಟಲಿ ಎಂದವನು ಅವಳನ್ನು ಸುಮ್ಮಸುಮ್ಮನೆ ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ ತಿರುಗಿಸುತ್ತ ಅರ್ಧ ಗಂಟೆ ಕೂತ. "ಈಗ ಇವಳಿಗೆ ಭುಜ ನೋಯುತ್ತೆ ಅಂತ ಗೊತ್ತಾಗುತ್ತೆ ಕಣ್ರಿ" ಎಂದ. ನಿರ್ದೇಶಕರು ಗೋಡೆಯ ಚಿತ್ರದ ಕೆಳಗೆ 'ಹೆಣಿಗೆಯವರನ್ನು ಕೇಳಿ' ಎಂದು ಚೀಟಿ ಅಂಟಿಸಿದ್ದಾರೆ. ಯಾವುದಕ್ಕೆ ಜಗಳವಾದರೂ ಈಗ ಅದನ್ನೇ ಹೇಳುತ್ತಾರೆ.

ಪಾರ್ಸೆಲ್ಲಿನಲ್ಲಿ ಆಟದ ಪೆಟ್ಟಿಗೆ ಕಳಿಸಿದ್ದೇನೆ. ಪರೀಕ್ಷೆಗೆಂದು ಮಾಡಿದ್ದು, ಮೊದಲ ಬೀದಿ ಮಾತ್ರ ಇದೆ. ಟಿವಿಗೆ ಸಿಕ್ಕಿಸುವ ಬಗೆಯನ್ನು ಚಿತ್ರ ಬರೆದು ಇಟ್ಟಿದ್ದೇನೆ. ಎಡ ಹೆಬ್ಬೆರಳಿಗೆ ನಡಿಗೆ, ಬಲ ಹೆಬ್ಬೆರಳಿಗೆ ನೋಟ. ಹಳೆಯ ಬೀದಿಯನ್ನು ಅಂಗುಲ ಅಂಗುಲ ಅಳೆದು ಕಟ್ಟಿದ್ದೇವೆ. ನೀನು ಒಂದು ಸಾಲಿನ ಚೌಕದಲ್ಲಿ ಬರೆದಿದ್ದ ಕಿಟಕಿಯೊಳಗೆ ಈಗ ಕೋಣೆ ಇದೆ.

ಬೆನ್ನು ಇನ್ನೂ ಆಗಿಲ್ಲವಾದ್ದರಿಂದ ಅವಳು ಸದ್ಯಕ್ಕೆ ಬೂದು ಬಣ್ಣದ ಬೊಂಬೆ.

ಕೇಂದ್ರದಲ್ಲಿ ಗಂಟಕ್ಕ ಹೇಗಿದ್ದಾಳೆ? ಈಗಲೂ ಅವಳು ಹಾಕಿದ ಗಂಟು ಬಿಚ್ಚಲು ಕತ್ತರಿಯೇ ಬೇಕೇ?

ನಿನ್ನ ಮಗಳು


ಏಪ್ರಿಲ್ 11

ಮಗಳಿಗೆ,

ಪೆಟ್ಟಿಗೆ ಬಂದು ಎರಡು ವಾರವಾಯಿತು. ಕೆಲಸದ ಹೊತ್ತಿನಲ್ಲಿ ಆಡುವುದಿಲ್ಲ. ಮಧ್ಯಾಹ್ನ ಊಟದ ಮೇಲೆ ಅರ್ಧ ಗಂಟೆ, ನಾನೂ ಗಂಟಕ್ಕನೂ. ಅವಳು ಚೆನ್ನಾಗಿದ್ದಾಳೆ, ಕತ್ತರಿ ಈಗಲೂ ಬೇಕು. ನೀನು ಕೇಳಿದ್ದನ್ನು ಹೇಳಿದೆ. "ಇರುವೆ ಕೇಳಿದ್ಲಾ ನನ್ನ?" ಎಂದು ಕಣ್ಣೊರೆಸಿಕೊಂಡಳು. ಮೇಜಿನ ಕೆಳಗೆ ತುಂಡು ನೂಲು ಹೆಕ್ಕುತ್ತಿದ್ದ ನಿನ್ನನ್ನು ಅವಳು ಇನ್ನೂ ಇರುವೆ ಎಂದೇ ಕರೆಯುವುದು.

ಕಾಲುವೆಗೆ ಮೊದಲ ದಿನ ಹದಿನಾಲ್ಕು ಸಲ ಬಿದ್ದೆ. ಹಳೆಯ ಆಟದಲ್ಲಿ ಕಾಲುವೆ ನಲವತ್ತೆಂಟು ಚೌಕ, ಅಂಚಿಗೆ ಒಂದು ಚೌಕ ಇರುವಾಗ ಹಾರಿದರೆ ಆಯಿತು, ಕಣ್ಣು ಮುಚ್ಚಿ ಹಾರುತ್ತಿದ್ದೆ. ಇದರಲ್ಲಿ ಆಚೆ ದಡ ಎಷ್ಟು ದೂರವೆಂದೇ ತಿಳಿಯುವುದಿಲ್ಲ. ಪೆಟ್ಟಿಗೆ ಕೆಟ್ಟಿದೆ ಎಂದೆ. ಗಂಟಕ್ಕ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ, ಕೊಡಿ ಇಲ್ಲಿ" ಎಂದು ಕಸಿದುಕೊಂಡಳು. ಅವಳೂ ಬಿದ್ದಳು. ಇಪ್ಪತ್ತೆರಡು ಸಲ.

ಐದನೇ ದಿನ ಒಂದು ವಿಷಯ ಕಣ್ಣಿಗೆ ಬಿತ್ತು. ಹಾರಿದಾಗ ಅವಳ ಕೆಳಗೆ ನೆಲದ ಮೇಲೆ ಒಂದು ದುಂಡನೆಯ ನೆರಳು ಬರುತ್ತದೆ. ಸೂರ್ಯ ಮನೆಗಳ ಪಕ್ಕದಲ್ಲಿದ್ದಾನೆ, ಮರದ ನೆರಳೂ ಕಂಬದ ನೆರಳೂ ಓರೆಯಾಗಿ ಬಿದ್ದಿವೆ, ಇವಳ ನೆರಳು ಮಾತ್ರ ನೆತ್ತಿಯ ಕೆಳಗೇ ಬೀಳುತ್ತದೆ. ತಪ್ಪು ಸಿಕ್ಕಿತು, ಬರೆಯುತ್ತೇನೆ ಎಂದುಕೊಂಡೆ. ಆಮೇಲೆ ನೋಡಿದೆ, ಆ ನೆರಳು ಎಲ್ಲಿದೆಯೋ ಕಾಲು ಅಲ್ಲೇ ಇಳಿಯುತ್ತದೆ. ನೆರಳು ದಡ ಮುಟ್ಟಿದ ಮೇಲೆ ಬೆರಳು ಬಿಟ್ಟರೆ ಅವಳು ದಡದಲ್ಲಿರುತ್ತಾಳೆ. ಆ ದಿನ ಒಮ್ಮೆಯೂ ಬೀಳಲಿಲ್ಲ.

ಅದು ಸುಳ್ಳು ನೆರಳು. ಇಲ್ಲದ್ದನ್ನು ಹೆಣೆಯಬಾರದು ಎಂದು ನಾನು ಜೀವಮಾನವೆಲ್ಲ ಹೇಳಿಕೊಂಡು ಬಂದವಳು. ಆದರೆ ಆ ಸುಳ್ಳು ಇಲ್ಲದಿದ್ದರೆ ನಿಜವಾದ ದಡ ಎಲ್ಲಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಇದನ್ನು ಯೋಚಿಸಿದವರು ಯಾರು? ನಿನ್ನ ಐವರಲ್ಲಿ ಯಾರೇ ಆಗಿರಲಿ, ಅವರು ಕೆಲಸ ಬಲ್ಲವರು ಎಂದು ನಾನು ಹೇಳಿದೆನೆಂದು ಹೇಳು.

ಇನ್ನೊಂದು. ಈ ಆಟದಲ್ಲಿ ದಾಟಿದ ಮನೆಗೆ ಮತ್ತೆ ಹೋಗಬಹುದು. ಗಂಟಕ್ಕ ಮೂರನೇ ಮನೆಯಿಂದ ತಿರುಗಿ ಮೊದಲನೇ ಮನೆಗೆ ನಡೆದಳು. ನಾನು ಬೇಡ ಎಂದೆ, ಕೇಳಲಿಲ್ಲ. ಮನೆ ಅಲ್ಲೇ ಇತ್ತು. ಬಾಗಿಲು ತೆರೆಯಲಿಲ್ಲ. ಚೀಲದಲ್ಲಿ ಆ ಮನೆಯ ಪತ್ರವಿದ್ದರೆ ಮಾತ್ರ ತೆರೆಯುತ್ತದೆಯಂತೆ.

ಬೂದು ಬೊಂಬೆಯ ಬೆನ್ನು ನೋಡಿಕೊಂಡು ದಿನಾ ಅರ್ಧ ಗಂಟೆ ಕೂರುವುದು ಕಷ್ಟ. ಗಂಟಕ್ಕ ಅದನ್ನು ನೋಡಿ ನನ್ನ ಕಡೆ ತಿರುಗಿ ಏನೋ ಹೇಳಲು ಬಂದಳು. ಬಾಯಿ ಮುಚ್ಚಿಸಿದೆ. ಏನೆಂದು ಕೇಳಬೇಡ.

ನಿನ್ನ ತಾಯಿ


ಮೇ 16

ಅಮ್ಮ,

ಸುಳ್ಳು ನೆರಳು ನನ್ನ ಉಪಾಯವಲ್ಲ, ಇಂಥ ಆಟ ಮಾಡುವವರಿಗೆಲ್ಲ ಗೊತ್ತಿರುವುದೇ. ಆದರೆ ಅದನ್ನು ಆಡುತ್ತಾ ಕಂಡುಹಿಡಿದವರು ನನಗೆ ಗೊತ್ತಿದ್ದ ಹಾಗೆ ನೀನೊಬ್ಬಳೇ. ಉಳಿದವರು ಅದನ್ನು ನೋಡುತ್ತಾರೆ, ನೋಡಿದೆವೆಂದು ಅವರಿಗೇ ತಿಳಿಯುವುದಿಲ್ಲ. ನಿನ್ನ ಕಾಗದದ ಆ ಭಾಗವನ್ನು ಎಲ್ಲರಿಗೂ ಓದಿ ಹೇಳಿದೆ. ನೆರಳು ಹಾಕಿದವಳು ಬಾಲ ಎಂದವಳೇ. ಅವಳ ಮುಖ ನೀನು ನೋಡಬೇಕಿತ್ತು.

ಬೆನ್ನಿನ ವಿಷಯ ಮುಗಿದಂತೆಯೇ. ನಾನು ಹನ್ನೊಂದು ಸಲ ಬರೆದೆ. ಹನ್ನೊಂದೂ ನೋಡಲು ಚೆನ್ನಾಗಿವೆ, ಯಾವುದೂ ಅವಳಲ್ಲ. ನಿರ್ದೇಶಕರು ಒಳ್ಳೆಯವರು, "ಇನ್ನೂ ಎರಡು ವಾರ ಇದೆಯಮ್ಮ" ಎನ್ನುತ್ತಾರೆ. ಎರಡು ವಾರದಲ್ಲಿ ಹನ್ನೆರಡನೆಯದೂ ಚೆನ್ನಾಗಿಯೇ ಬರುತ್ತದೆ. ಮೂವತ್ತಕ್ಕೆ ಆ ಜಾಹೀರಾತಿನ ಹುಡುಗಿಗೆ ಒಪ್ಪಿಗೆ ಹಾಕುತ್ತೇನೆ.

ನಿನ್ನ ಮೇಲೆ ಕೋಪವಿಲ್ಲ. ಇಲ್ಲದ್ದನ್ನು ನೀನು ಎಲ್ಲಿಂದ ತರುತ್ತೀ? ಬೇಜಾರೊಂದೇ. ಹತ್ತೊಂಬತ್ತು ವರ್ಷಕ್ಕೆ ನಾನು ಒಂದೇ ಒಂದು ಸಲ ಸರಿಯಾಗಿ ಬರೆದಿದ್ದೆ ಅನ್ನಿಸುತ್ತದೆ. ಅದು ನಿಜವೋ, ಕಳೆದುಹೋದದ್ದಕ್ಕೆ ನಾನೇ ಕಟ್ಟಿದ ಬೆಲೆಯೋ, ಇನ್ನು ತಿಳಿಯುವ ಹಾಗಿಲ್ಲ.

ಮಗಳು


ಮೇ 21

ಮಗಳಿಗೆ,

ಇದರ ಜೊತೆ ಒಂದು ಹಾಳೆ ಇದೆ. ಮಡಿಸಿಲ್ಲ, ಎರಡು ರಟ್ಟಿನ ನಡುವೆ ಇಟ್ಟಿದ್ದೇನೆ. ಮೊದಲು ಕಾಗದ ಓದು, ಆಮೇಲೆ ರಟ್ಟು ಬಿಚ್ಚು. ಹೇಳಿದ್ದನ್ನು ನೀನು ಕೇಳುವುದಿಲ್ಲವೆಂದು ಗೊತ್ತು, ಆದರೂ ಹೇಳುತ್ತೇನೆ.

ನನ್ನ ಚಿತ್ರದ ಪುಸ್ತಕದಲ್ಲಿ ಬೆನ್ನಿಲ್ಲ ಎಂದು ಬರೆದಿದ್ದೆ. ಅದು ನಿಜ. ಅದು ಇರುವುದು ತಪ್ಪಿನ ಪುಸ್ತಕದಲ್ಲಿ. ನಾನು ಸುಳ್ಳು ಹೇಳುವವಳಲ್ಲ, ಆದರೆ ಅಂದು ಬರೆದದ್ದು ಸುಳ್ಳಿನ ಅಣ್ಣನೋ ತಮ್ಮನೋ ಆಗಬೇಕು.

ಅಂದು ನಡೆದದ್ದರಲ್ಲಿ ನಿನಗೆ ಗೊತ್ತಿರುವುದು ಮೊದಲ ಮೂರು ಸಾಲು. ಕೋಪದಲ್ಲಿ ಕೂಗದೆ ಎಳೆದೆ. ನೀನು ಬಾಗಿಲು ಹಾಕಿಕೊಂಡು ಹೋದೆ. ಆಗ ಗಂಟಕ್ಕ ಎಲ್ಲರೆದುರಿಗೆ, "ಯಜಮಾನೀ, ಕೂಗದೆ ಬಿಚ್ತಿದೀರಿ" ಎಂದಳು. ಹನ್ನೆರಡು ಜನರ ಕೈ ನಿಂತುಹೋಯಿತು. ನಾನು ಮಾಡಿದ ನಿಯಮ ನಾನೇ ಮುರಿದಿದ್ದೆ. "ಬರ್ಕೋ" ಎಂದೆ. ಅವಳು ತಪ್ಪಿನ ಪುಸ್ತಕ ತೆಗೆದಳು. ನಾನು ಕೂಗುತ್ತ ಹೋದೆ, ಅವಳು ತುಂಬುತ್ತ ಹೋದಳು. ಎಂಬತ್ನಾಲ್ಕು ಸಾಲಿನಲ್ಲಿ ಎಂಬತ್ತೊಂದು ಹಾಳೆಯಲ್ಲಿದೆ. ಹೋದ ಮೂರು ಬರಿ ನೀಲಿ.

ಸ್ವೆಟರನ್ನು ಕೆಳಗಿನಿಂದ ಹೆಣೆಯುತ್ತೇವೆ, ಮೇಲಿನಿಂದ ಬಿಚ್ಚುತ್ತೇವೆ. ಆದ್ದರಿಂದ ಮೊದಲು ಬಂದದ್ದು ತುರುಬು. ನೀಲಿ ಇಪ್ಪತ್ತಾರು, ಕಪ್ಪು ಎಂಟು, ನೀಲಿ ಇಪ್ಪತ್ತಾರು. ಐದಾರು ಸಾಲು ಹಾಗೆ. ಆಮೇಲೆ ಕಪ್ಪಿನ ನಡುವೆ ಹಳದಿ ಒಂದು. ಮುಂದಿನ ಸಾಲಿನಲ್ಲಿ ಹಳದಿ ಒಂದು, ಒಂದು ಕುಣಿಕೆ ಪಕ್ಕಕ್ಕೆ. ಓರೆಯಾಗಿ ಇಳಿಯುತ್ತಿದೆ. ತುರುಬಿಗೆ ಸಿಕ್ಕಿಸಿದ ಪೆನ್ಸಿಲು. ಪೆನ್ಸಿಲು ಸಿಕ್ಕಿಸಿಕೊಳ್ಳುವವರು ಲೋಕದಲ್ಲಿ ಬಹಳ ಜನ ಇದ್ದಾರೆ ಎಂದುಕೊಂಡು ಎಳೆದೆ. ಹೆಗಲು ಬಂತು, ಒಂದು ಹೆಗಲು ಇನ್ನೊಂದಕ್ಕಿಂತ ಒಂದು ಸಾಲು ತಗ್ಗು. ಎಳೆದೆ. ಕೊನೆಗೆ ಸೊಂಟ ಬಂತು, ಕೆಂಪು ಐದು ಬಂತು, ನಡುವಿಗಲ್ಲ, ಎಡಕ್ಕೆ ಸರಿದು. ನನ್ನ ಬಲಗೈ ಹೆಬ್ಬೆರಳು ಹಳೆಯ ಗಾಯದಿಂದ ಪೂರ್ತಿ ಬಗ್ಗುವುದಿಲ್ಲ. ನಾನು ಕಟ್ಟಿದ ಗಂಟು ಯಾವತ್ತೂ ನಡುವಿಗೆ ನಿಲ್ಲುವುದಿಲ್ಲ. ಅದು ಬೇರೆ ಯಾರಿಗೂ ಗೊತ್ತಿರಲಿಲ್ಲ, ಹತ್ತೊಂಬತ್ತು ವರ್ಷ ನನ್ನ ಬೆನ್ನ ಹಿಂದೆ ಮೇಜಿನ ಕೆಳಗೂ ಮೇಜಿನ ಮೇಲೂ ಕೂತು ಬೆಳೆದವಳಿಗಲ್ಲದೆ.

ಅಷ್ಟು ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಬಿಚ್ಚಿಯಾಗಿತ್ತು. ನಿಲ್ಲಿಸಬಹುದಿತ್ತು. ಉಳಿದ ಸಾಲನ್ನು ಕಡ್ಡಿಗೆ ಹಾಕಿ ಮೇಲಿನದನ್ನು ಮತ್ತೆ ಹೆಣೆಯುವುದು ಎರಡು ದಿನದ ಕೆಲಸ. ಹನ್ನೆರಡು ಜನ ನೋಡುತ್ತಿದ್ದರು. ನಿಲ್ಲಿಸಲಿಲ್ಲ. ಗಂಟಕ್ಕನಿಗೂ ತಿಳಿದಿತ್ತು, ಆ ಸಾಲಿನ ಕೆಂಪು ಚೌಕಗಳನ್ನು ಅವಳು ಎರಡೆರಡು ಸಲ ತುಂಬಿದ್ದಾಳೆ, ನೋಡು.

ನೀನು ಕೇಳಿದ್ದಕ್ಕೆ ಉತ್ತರ: ನಿಜ. ಅದು ಸರಿಯಾಗಿಯೇ ಇತ್ತು. ನನಗೆ ಬರೆಯಲು ಬಾರದ್ದನ್ನು ನೀನು ಬರೆದಿದ್ದೆ. ಇಲ್ಲದ್ದನ್ನು ಹೆಣೆದೆ ಎಂದು ನಿನ್ನನ್ನು ಬೈದೆ. ಅದು ಇಲ್ಲದ್ದಾಗಿರಲಿಲ್ಲ, ನನಗೆ ಕಾಣದ್ದಾಗಿತ್ತು. ತನ್ನ ಬೆನ್ನು ಯಾರಿಗೆ ಕಾಣುತ್ತದೆ? ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಾನು ಹೆತ್ತದ್ದು ಹೆಗ್ಗಣವಲ್ಲವೆಂದು ಚೆನ್ನಾಗಿ ಗೊತ್ತಿದ್ದೂ ನನಗೆ ಮುದ್ದು ಮಾಡಲು ಬರಲಿಲ್ಲ.

ಕೆಲಸದ ಸೂಚನೆ ಒಂದು. ಕುಣಿಕೆ ಚೌಕವಲ್ಲ, ಅಗಲ ಹೆಚ್ಚು, ಎತ್ತರ ಕಡಿಮೆ. ಹಾಳೆಯಲ್ಲಿ ಅವಳು ಉದ್ದಕ್ಕೆ ಎಳೆದ ಹಾಗೆ ಕಾಣುತ್ತಾಳೆ. ನಿನ್ನ ಐವರು ಹಾಗೆಯೇ ಉದ್ದ ಮಾಡಿಯಾರು, ತಿಳಿಸಿ ಹೇಳು. ಹೆಣೆದರೆ ಕುಳ್ಳಗಾಗುತ್ತಾಳೆ. ನಾನು ಕುಳ್ಳಿಯೇ.

ಹಾಳೆಯ ಕೆಳಗೆ 'ತಪ್ಪು ಯಾರದು' ಎಂಬಲ್ಲಿ ಗಂಟಕ್ಕ ಅಂದು ನಿನ್ನ ಹೆಸರು ಬರೆದಿದ್ದಳು, ನಾನು ಹೇಳಿ ಬರೆಸಿದ್ದು. ನಿನ್ನೆ ಅದನ್ನು ಹೊಡೆದು ನನ್ನ ಹೆಸರು ಬರೆದಿದ್ದೇನೆ. 'ತಪ್ಪು ಏನು' ಎಂಬಲ್ಲಿ 'ಬಿಚ್ಚಿದ್ದು' ಎಂದು ಬರೆದಿದ್ದೇನೆ. ಗಂಟಕ್ಕ ಸಾಕ್ಷಿ ಹಾಕಿದ್ದಾಳೆ.

ರಿಜಿಸ್ಟರ್ ಮಾಡಿದ್ದೇನೆ. ಮೂವತ್ತರೊಳಗೆ ಮುಟ್ಟಬೇಕು.

ಅಮ್ಮ


ಜೂನ್ 14

ಅಮ್ಮ,

ಇಪ್ಪತ್ತೇಳಕ್ಕೆ ಮುಟ್ಟಿತು. ಮೊದಲು ರಟ್ಟನ್ನೇ ಬಿಚ್ಚಿದೆ.

ಅದರ ಬಗ್ಗೆ ಬರೆಯಲು ಮೂರು ಸಲ ಕೂತೆ, ಆಗಲಿಲ್ಲ. ಕೆಲಸದ ಮಾತು ಮಾತ್ರ ಬರೆಯುತ್ತೇನೆ. ಹಾಳೆಯನ್ನು ಮೇಜಿನ ಮೇಲಿಟ್ಟು ಐವರೂ ನಿಂತೆವು. ಜಾಹೀರಾತಿನ ಹುಡುಗಿಯನ್ನು ಬರೆದವನೇ ಮೊದಲು ಮಾತಾಡಿದ. "ನನ್ನದು ತೆಗೀರಿ" ಎಂದ. ನಿರ್ದೇಶಕರು ಕೆಳಗಿನ ಬರಹ ಓದಿದರು. ಹೆಣಿಗೆಯವರು ನಿಮಗೇನಾಗಬೇಕು ಎಂದು ಕೇಳಿದರು. ಈ ಸಲ ಹೇಳಿದೆ.

ಎಡಗಡೆಯ ತಗ್ಗಿದ ಹೆಗಲಿನಿಂದ ನಮ್ಮ ಇನ್ನೊಂದು ಸಮಸ್ಯೆಯೂ ತೀರಿತು. ಅವಳು ಓಡುವಾಗ ಗೊಂಬೆಯ ಹಾಗೆ ಕಾಣುತ್ತಿದ್ದಳು, ಯಾಕೆಂದು ತಿಳಿದಿರಲಿಲ್ಲ. ಎರಡು ಹೆಗಲೂ ಸಮವಾಗಿದ್ದವು, ಅದಕ್ಕೆ.

ಹೊಸ ಪೆಟ್ಟಿಗೆ ಆಗಸ್ಟಿನಲ್ಲಿ ಬರುತ್ತದೆ. ನಿನ್ನ ಗೌರವಕ್ಕೆಂದು ಗಂಟನ್ನು ನಡುವಿಗೆ ತಂದಿದ್ದೇನೆ.

ಇರುವೆ


ಸೆಪ್ಟೆಂಬರ್ 2

ಇರುವೆಗೆ,

ಪೆಟ್ಟಿಗೆ ಬಂತು. ಕೆಲಸದ ಹೊತ್ತಿನಲ್ಲೇ ಹಾಕಿಸಿದೆ. ಈಗ ಕೇಂದ್ರದಲ್ಲಿ ಒಂಬತ್ತು ಜನ ಇದ್ದಾರೆ, ಅಂದಿನ ಹನ್ನೆರಡರಲ್ಲಿ ನಾಲ್ವರು ಅವರಲ್ಲೇ ಇದ್ದಾರೆ. ಕೆಲಸ ಬಿಟ್ಟವರಲ್ಲಿ ಐವರಿಗೆ ಹೇಳಿ ಕಳಿಸಿದೆ, ಮೂವರು ಬಂದರು. ಒಬ್ಬಳು ಕೋಲೂರಿಕೊಂಡು ಬಂದಳು. ಎಲ್ಲರನ್ನೂ ಕೂರಿಸಿ ಟಿವಿ ಹಾಕಿದೆ. ಟಪಾಲಕ್ಕ ಬಂದು ನಮಗೆ ಬೆನ್ನು ಹಾಕಿ ನಿಂತಳು. ತುರುಬಿನಲ್ಲಿ ಪೆನ್ಸಿಲು.

"ಅಂದು ಇರುವೆ ಹೆಣೆದಿದ್ದು ಇದು" ಎಂದೆ. "ನಿಮ್ಮೆಲ್ಲರೆದುರಿಗೆ ಬಿಚ್ಚಿದೆ. ಬಿಚ್ಚಬಾರದಿತ್ತು."

ಕೋಲಿನವಳು ಕಣ್ಣು ಕಿರಿದು ಮಾಡಿ ಪರದೆ ನೋಡಿದಳು, ನನ್ನನ್ನು ನೋಡಿದಳು. "ಅಯ್ಯೋ, ಇದು ನೀವೇ ಅಲ್ವೇನ್ರೀ?" ಎಂದಳು. ಗಂಟಕ್ಕ, "ಈಗ ಗೊತ್ತಾಯ್ತಾ ನಿಂಗೆ? ನಾನು ಹದಿನೈದು ವರ್ಷ ಬಾಯಿ ಕಟ್ಟಿಕೊಂಡಿದ್ದೆ, ನೋಡು ಗಂಟು ಹಾಕ್ಕೊಂಡು" ಎಂದಳು. ಆಮೇಲೆ ಎಲ್ಲರೂ ಒಟ್ಟಿಗೇ ಮಾತು. "ಯಜಮಾನೀ, ನಿಮ್ಮ ಬೆನ್ನಿಗೆ ಓಡೋಕೂ ಬರುತ್ತಾ?" ಎಂದು ಒಬ್ಬಳು, "ನಾಯಿ ಬಂತು, ಗದರಿಸಿ, ಅದಕ್ಕೂ ನಿಮ್ಮನ್ನ ಕಂಡ್ರೆ ಭಯ ಇರುತ್ತೆ" ಎಂದು ಇನ್ನೊಬ್ಬಳು. ಆ ದಿನ ಒಂದು ಕಾಲುಚೀಲವೂ ಮುಗಿಯಲಿಲ್ಲ.

ನಿನ್ನ ಕೆಲಸದ ಬಗ್ಗೆ ಹೇಳುತ್ತೇನೆ. ಅವಳು ಕಾಲುವೆ ಹಾರುವ ಮೊದಲು ಉಸಿರು ಎಳೆದುಕೊಳ್ಳುತ್ತಾಳೆ, ಆಗ ಸೊಂಟವಸ್ತ್ರ ಬಿಗಿಯಾಗುತ್ತದೆ. ಮೆಟ್ಟಿಲು ಹತ್ತುವಾಗ ತಗ್ಗಿದ ಹೆಗಲು ಇನ್ನಷ್ಟು ತಗ್ಗುತ್ತದೆ. ನನ್ನ ಹದಿನಾರು ಚೌಕದಲ್ಲಿ ಒಂದನ್ನೂ ನೀನು ಬಿಟ್ಟಿಲ್ಲ, ಒಂದನ್ನೂ ಹಾಗೆಯೇ ಇಟ್ಟಿಲ್ಲ. ಎಲ್ಲದರ ಹಿಂದೆ ಏನಿತ್ತೆಂದು ಹೋಗಿ ನೋಡಿಕೊಂಡು ಬಂದಿದ್ದೀಯ. ನನಗೆ ಹೊಗಳಲು ಬರುವುದಿಲ್ಲ, ಆದ್ದರಿಂದ ಇದನ್ನು ಹೊಗಳಿಕೆ ಎಂದು ತಿಳಿಯಬೇಡ, ಪರಿಶೀಲನೆ ಎಂದು ತಿಳಿ.

ತಪ್ಪು ಒಂದೇ. ಗಂಟು ನಡುವಿಗಿದೆ. ನನ್ನ ಗಂಟು ಸೊಟ್ಟ. ಹತ್ತೊಂಬತ್ತು ವರ್ಷದವಳಿಗೆ ಅದನ್ನು ಹಾಗೆಯೇ ಹೆಣೆಯುವ ಎದೆ ಇತ್ತು, ಮೂವತ್ನಾಲ್ಕಾದ ಮೇಲೆ ಗೌರವವಂತೆ. ಎಡಕ್ಕೆ ಸರಿಸು.

ಎಲ್ಲರೂ ಹೋದ ಮೇಲೆ ನಾನೊಬ್ಬಳೇ ಆಡಿದೆ. ಕೊನೆಯ ಮನೆಯವರೆಗೂ ಹೋಗಿ ಪತ್ರಗಳನ್ನೆಲ್ಲ ಕೊಟ್ಟು ಚೀಲ ಖಾಲಿ ಮಾಡಿದೆ. ಆಮೇಲೆ ತಿರುಗಿದೆ. ಚೀಲ ಆ ಹೆಗಲಿಗೆ ದಾಟಿತು. ಬಂದ ದಾರಿಯಲ್ಲೇ ನಡೆದೆ, ಹಾರಿದ ಕಾಲುವೆಯನ್ನೆಲ್ಲ ಮತ್ತೆ ಹಾರಿ, ಮೊದಲನೇ ಮನೆವರೆಗೆ. ಬಹಳ ದೂರ. ಬಾಗಿಲು ತಟ್ಟಿದೆ. ಪತ್ರವಿಲ್ಲವಾದ್ದರಿಂದ ತೆರೆಯಲಿಲ್ಲ. ಆಟಕ್ಕೆ ಆ ನಿಯಮ ಸರಿಯೇ ಇರಬಹುದು, ಬದಲಾಯಿಸು ಎನ್ನುವುದಿಲ್ಲ.

ನಿನ್ನ ಏಪ್ರನ್ ನೀನು ತೂಗುಹಾಕುತ್ತಿದ್ದ ಮೊಳೆಯಲ್ಲೇ ಇದೆ. ಯಾರಿಗೂ ಕೊಟ್ಟಿಲ್ಲ. ಯಾರಿಗೂ ಅಳತೆ ಹೊಂದಲಿಲ್ಲ, ಬೇರೆ ಕಾರಣವಿಲ್ಲ.

ನಮ್ಮ ಬಾಗಿಲಿಗೆ ಪತ್ರ ಬೇಕಿಲ್ಲ. ಬರೆದದ್ದು ಸಾಕು, ಬಾ.

ಅಮ್ಮ